ಅಕ್ಕ ಬಕೆಟ್ ಕಟ್ಟಿದ ಹಗ್ಗ

ಪವಾಡ ಗಿವಾಡ ಅಂದವರನ್ನು ಕಂಡರೆ ನಾನು ಮೊದಲೆಲ್ಲ ಬಾಯ್ತುಂಬ ನಗುತ್ತಿದ್ದೆ. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುವವನಿಗೆ ಅಂಥದ್ದೆಲ್ಲ ಎಲ್ಲಿ ಹಿಡಿಸೀತು? ಈಗ ಹಾಗೆ ನಗುವ ಧೈರ್ಯವಿಲ್ಲ. ನೀವು ನಂಬಲೇಬೇಕೆಂದೂ ನಾನು ಹೇಳುವುದಿಲ್ಲ.

ತೊಂಬತ್ತರ ದಶಕದ ಕೊನೆ. ನಾನೂ ನನ್ನ ಅಕ್ಕನ ಗಂಡನೂ ಸೇರಿ ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ, ತಗಡಿನ ಸೂರು ಹೊದಿಸಿ, ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿ ಒಂದು ದೋಣಿಮನೆ ಮಾಡಿದೆವು. ಅದರ ಹಿಂದೆ ಎಳೆದುಕೊಂಡು ಹೋಗಲು ಸ್ಕೂಟರ್ ಎಂಜಿನ್ನಿನ ಒಂದು ಪುಟ್ಟ ದೋಣಿ. ನೀರಿನ ನಡುವೆ ಅದನ್ನು ಬಿಚ್ಚಿ ಭಾವ ಜೋರಾಗಿ ಓಡಿಸಬೇಕು, ನಾನು ಅದರ ಹಿಂದೆ ಹಲಗೆಯ ಮೇಲೆ ನಿಂತು ಟಿವಿಯಲ್ಲಿ ತೋರಿಸುವವರ ಹಾಗೆ ಜಾರಬೇಕು! ಆ ಹುಚ್ಚಿನಲ್ಲಿ ವಾರವಿಡೀ ಇಬ್ಬರಿಗೂ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಮಾರ್ಕೋನಹಳ್ಳಿಯಲ್ಲಿ ನೀರಿಗಿಳಿಸಿದಾಗ ಅದು ತೇಲಿಯೇಬಿಟ್ಟಿತು. ನಾನು ಕುಣಿದಾಡಿಬಿಟ್ಟೆ. ಜಲಾಶಯ ತುಂಬಿ ಕೋಡಿ ಬಿದ್ದಿತ್ತು. ದೋಣಿಮನೆಯ ಹಿಂದಿನ ಕಬ್ಬಿಣದ ಬಳೆಗೆ ಪುಟ್ಟ ದೋಣಿಯ ಹಗ್ಗ ಕಟ್ಟಿದವನು ನಾನೇ. ಹಳ್ಳಿಯಲ್ಲಿ ಬೆಳೆದ ಕೈ, ಎತ್ತು ಕಟ್ಟುವ ಜೀರುಗುಣಿಕೆಯನ್ನೇ ಹಾಕಿತು. ತುದಿ ಜಗ್ಗಿದರೆ ಸಾಕು, ಆ ಗಂಟು ಬಿಚ್ಚಿಕೊಳ್ಳುತ್ತದೆ. ಪ್ಲಗ್ ಉಜ್ಜುತ್ತೇನೆಂದು ಭಾವ ಪುಟ್ಟ ದೋಣಿಯಲ್ಲೇ ಕೂತರು. ಅವರಿಗೆ ಈಜು ಬಾರದು.

ನಾನು ದೋಣಿಮನೆಯ ಮುಂದೆ ಕೂತು ನಡೆಸುತ್ತಿದ್ದೆ, ಅಕ್ಕ ಹಿಂಬದಿಯಲ್ಲಿ ಅಡುಗೆಗೆ ಅಣಿಮಾಡುತ್ತಿದ್ದಳು. ತಗಡಿನ ಮರೆಯಲ್ಲಿ ಹಿಂದಿನದೇನೂ ಕಾಣುತ್ತಿರಲಿಲ್ಲ. ಎಂಜಿನ್ ಸದ್ದಿಗೆ ಮಾತೂ ಕೇಳಿಸುತ್ತಿರಲಿಲ್ಲ. ಗಾಳಿಯೂ ಸೆಳೆತವೂ ಕೋಡಿಯ ಕಡೆಗೇ ಇದ್ದವು. ಬೆವರು ಸುರಿಸುತ್ತ ಕೋಡಿಯನ್ನು ದೂರದಿಂದ ಬಳಸಿ ದಾಟಿಸಿ, ಆಚೆ ದಡ ಮುಟ್ಟಿಸಿದೆ. ಭಾವ ನಗುನಗುತ್ತ ಇಳಿದು ಸೌದೆ ಹುಡುಕಲು ಹೋದರು.

ಬಕೆಟ್ ನೀರಿಗೆ ಬಿದ್ದುಹೋಯಿತೆಂದು ಅಕ್ಕ ಪೇಚಾಡಿಕೊಳ್ಳುತ್ತಿದ್ದಳು. ಪುಟ್ಟ ದೋಣಿ ಬಿಚ್ಚೋಣವೆಂದು ಹಿಂದೆ ಹೋದೆ. ನಮ್ಮ ಬಳೆಯಲ್ಲಿ ಹಗ್ಗವೇ ಇರಲಿಲ್ಲ. ಪುಟ್ಟ ದೋಣಿಯ ಮೂತಿಯಿಂದ ಇಳಿದ ಹಗ್ಗ ನೀರಿನೊಳಗಿತ್ತು. ಎಳೆದೆ. ತುದಿಯಲ್ಲಿ ಅಕ್ಕನ ಬಕೆಟ್ ಬಂತು.

ಅಕ್ಕನ ಮುಖ ಬಿಳಿಚಿಕೊಂಡಿತು. ನೀರು ಸೇದಲು ಹಗ್ಗ ಸಿಗದೆ, ನನ್ನ ಗಂಟಿನಿಂದ ಜೋತಾಡುತ್ತಿದ್ದ ತುದಿಗೇ ಬಕೆಟ್ ಕಟ್ಟಿ ಬಿಟ್ಟಿದ್ದಳಂತೆ. ಬಕೆಟ್ ಕೈಯಿಂದ ಕಿತ್ತುಕೊಂಡು ಹೋಯಿತಂತೆ.

“ಯಾವಾಗ?” ಅಂದೆ.

“ಕೋಡಿ ಇನ್ನೂ ಮುಂದಿತ್ತು ಕಣೋ.”

ಬಕೆಟ್ಟಿನ ಸೆಳೆತಕ್ಕೆ ಆಗಲೇ ಗಂಟು ಬಿಚ್ಚಿಕೊಂಡ ದೋಣಿ ಕೋಡಿಯ ಮೇಲಿಂದ ಕೆಳಗೆ ಬೀಳಬೇಕಿತ್ತು, ಭಾವನ ಸಮೇತ. ಸ್ಕೂಟರ್ ಎಂಜಿನ್ನಿನಿಂದ ಬಿಚ್ಚಿದ ಪ್ಲಗ್ ಇನ್ನೂ ಪುಟ್ಟ ದೋಣಿಯ ಹಲಗೆಯ ಮೇಲೇ ಇತ್ತು, ಅದಿಲ್ಲದೆ ಎಂಜಿನ್ ಓಡದು. ಹುಟ್ಟುಗಳು ನಮ್ಮ ದೋಣಿಮನೆಯಲ್ಲಿದ್ದವು. ಭಾವ ಬರುವಷ್ಟರಲ್ಲಿ ಹಗ್ಗ ಕಟ್ಟಿದೆ, ಈ ಸಲ ಮೂರು ಗಂಟು. ಆಮೇಲೆ ಏನೂ ತಿಳಿಯದವನ ಹಾಗೆ, ದಾರಿಯಲ್ಲಿ ಭಯವಾಯಿತೇ ಎಂದು ವಿಚಾರಿಸಿದೆ.

“ಎಂಥ ಭಯ? ಹಗ್ಗ ಬಿಗಿಯಾಗೇ ಇತ್ತಲ್ಲ. ಕೋಡಿ ಹತ್ರ ನೀನು ಎರಡ್ ಸಲ ಜೋರಾಗಿ ಎಳ್ದೆ ನೋಡು, ಆಗ ಒಂಚೂರು ಹೆದ್ರುಕೊಂಡೆ,” ಅಂದರು.

ನಾನು ಎಳೆದಿರಲಿಲ್ಲ. ಆ ದಿನ ಹಲಗೆಯ ಮೇಲೆ ಜಾರಲೂ ಇಲ್ಲ.

ಎಷ್ಟು ಲೆಕ್ಕ ಹಾಕಿದರೂ ನನಗೆ ಇವತ್ತಿಗೂ ತಾಳೆಯಾಗಿಲ್ಲ. ಭಾವನಿಗೆ ನಾವಿಬ್ಬರೂ ಹೇಳಿಲ್ಲ. ಯಾವ ಗೃಹಪ್ರವೇಶದಲ್ಲಿ ಸಿಕ್ಕರೂ ಅವರು ನಾಲ್ಕು ಜನರೆದುರು ನನ್ನ ಬೆನ್ನು ತಟ್ಟಿ, “ನಮ್ ಬಾಮೈದ ಗಂಟು ಹಾಕುದ್ರೆ ಆನೆ ಎಳುದ್ರೂ ಬಿಚ್ಚಲ್ಲ ಬುಡಿ,” ಅನ್ನುತ್ತಾರೆ. ಆಗ ನಾನು ಅಕ್ಕನ ಮುಖ ನೋಡುವುದಿಲ್ಲ. ಅವಳೂ ನನ್ನ ಮುಖ ನೋಡುವುದಿಲ್ಲ.