ಗುಬ್ಬಿ ಎಂಜಲಿನ ಗುಳಿಗೆ

ಮುಚ್ಚಂಡಿಯ ಜೈನಬಮ್ಮ ಬಿ.ಪಿ. ಗುಳಿಗೆಯನ್ನು ಸೆರಗಿನಲ್ಲಿ ಸುತ್ತಿ, ಹಲ್ಲಿನಿಂದ ಕಟಕ್ಕೆಂದು ಕಡಿದು ಎರಡು ಮಾಡುತ್ತಾರೆ. ಮಕ್ಕಳು ಪೆಪ್ಪರಮಿಂಟು ಹಂಚಿಕೊಳ್ಳುವ ಅದೇ ಗುಬ್ಬಿ ಎಂಜಲು. ಅರ್ಧ ತಮಗೆ, ಅರ್ಧ ಪಕ್ಕದ ಮನೆಯ ಗೆಳತಿ ಗೌರವ್ವನಿಗೆ.

ಅವರ ಬಿ.ಪಿ. ಯಾಕೆ ಇಳಿಯುತ್ತಿಲ್ಲವೆಂದು ಕೇಳಲು ಆರೋಗ್ಯ ಕೇಂದ್ರದಿಂದ ಅವರ ಮನೆಗೆ ಹೋದಾಗಲೇ ನನಗಿದು ಗೊತ್ತಾದದ್ದು. "ಪೂರ್ತಿ ತಗೋಬೇಕ್ರಿ. ಇಲ್ಲಾಂದ್ರ ಲಕ್ವಾ ಹೊಡೀತದ," ಎಂದೆ, ನೆಲ ನೋಡುತ್ತ.

"ಆಕಿಗೂ ತಲಿ ತಿರಗತದ. ದವಾಖಾನಿ ಅಂದ್ರ ಅಂಜತಾಳ. ಆಕಿನ್ನ ಬಿಟ್ಟು ಹೆಂಗ ತಿನ್ನಲಿ?"

ಗೌರವ್ವನನ್ನೂ ಕರೆಸಿ, ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ನೋಡಿದೆ. ಹೆಚ್ಚೇ ಇತ್ತು. ನಾಳೆ ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ, ನಿಮಗೂ ನಿಮ್ಮದೇ ಗುಳಿಗೆ ಸಿಗುತ್ತದೆ ಎಂದು ಗೌರವ್ವನಿಗೆ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಹಂಗಾದ್ರ ಆಕಿದರಾಗ ಅರ್ಧ ನಾ, ನನ್ನದರಾಗ ಅರ್ಧ ಆಕಿ ತಿಂತೀವಿ," ಎಂದರು ಜೈನಬಮ್ಮ. "ಹೂಂ ಅನ್ನು, ಬೇಟಾ."