ಬದುವಿನ ಮೂಲೆಯ ಬೆರಳುದ್ದದ ಗೆಳತಿ

ಆಗ ಅಕ್ಕಲಕೋಟೆ ಕಡೆಯ ನಮ್ಮ ಮನೆಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ. ನಾನು ಮರಾಠಿ ಶಾಲೆಯಲ್ಲಿ ಎಂಟನೇ ಇಯತ್ತೆ ಓದುತ್ತಿದ್ದೆ. ಎಳ್ಳಮವಾಸ್ಯೆಯ ದಿನ ಅಪ್ಪ ಜೋಳದ ಹೊಲದ ಸುತ್ತ ಚರಗ ಚೆಲ್ಲುತ್ತಿದ್ದ. ಭೂಮಿತಾಯಿಗೆಂದು ಸಜ್ಜಿಕಡಬು, ಭಜ್ಜಿಪಲ್ಲೆ, ಅನ್ನ ಎಲ್ಲ ಎರಚುವುದು. ನಾನೂ ಒಂದು ಕಡಬು ಬೀಸಿ ಒಗೆದೆ. ಅದು ಬದುವಿನ ಮೂಲೆಯಲ್ಲಿ ಯಾರದೋ ತಲೆಗೆ ತಾಗಿತು.

"ಕಣ್ಣ ಕಾಣಸೂದಿಲ್ಲೇನ ನಿನಗ? ನೆತ್ತಿ ಒಡಿತಿತ್ತಲ್ಲ ನಂದು."

ನೋಡಿದರೆ, ದಂಟಿಗೆ ಆತು ನಿಂತ ಬೆರಳುದ್ದದ ಹೆಂಗಸು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಆಳು ಇಷ್ಟೇ, ಬಾಯಿ ಮಾತ್ರ ಮೊರದಗಲ. ಬೈಯುತ್ತಲೇ ಕಡಬನ್ನೂ ಮುಗಿಸಿದಳು. ತೆನೆವ್ವ ಎಂದು ಹೆಸರಿಟ್ಟೆ, ಒಪ್ಪಿಕೊಂಡಳು.

ಶಾಲೆಯಲ್ಲಿ ನನ್ನ ಮರಾಠಿ ಕೇಳಿ ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು. ಬಾಯಿ ಬಿಡಲೇ ನಾಚಿಕೆ. ಸಂಜೆ ಹೊಲಕ್ಕೆ ಓಡಿ ತೆನೆವ್ವನ ಮುಂದೆ ಎಲ್ಲ ಹೇಳಿಕೊಂಡರೇ ನನಗೆ ಸಮಾಧಾನ. ಆಕೆ ಹಸಿ ತೆನೆಗೆ ಉಫ್ ಎಂದು ಊದಿದರೆ ಸಾಕು, ಬೆಂಕಿಯಿಲ್ಲದೆ ಎಳೆಕಾಳು ಸುಟ್ಟು ಸೀತನಿಯ ಹದಕ್ಕೆ ಬರುತ್ತಿತ್ತು. ಆ ಬಿಸಿ ಕಾಳು, ಜೊತೆಗೆ ಶೇಂಗಾಹಿಂಡಿ, ಬೆಲ್ಲ. ತಿನ್ನುತ್ತ ಆ ಹುಡುಗಿಯರನ್ನೆಲ್ಲ ಅಣಕಿಸಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅಂಥ ಗೆಳತಿ ನನಗೆ ಮತ್ತೆ ಸಿಗಲಿಲ್ಲ.

ಸುಗ್ಗಿ ಬಂತು. ನಾಳೆ ಜೋಳ ಕೀಳಲು ಆಳುಗಳು ಬರುತ್ತಾರೆ ಎಂದ ಅಪ್ಪ. ದಂಟು ಹೋದರೆ ತಾನೂ ಹೋಗಬೇಕೆಂದು ತೆನೆವ್ವ ಮೊದಲೇ ಹೇಳಿದ್ದಳು. ಅಳುತ್ತ ಅಪ್ಪನ ಮುಂದೆ ನಿಂತು, ಆ ಮೂಲೆಯಲ್ಲಿ ನನ್ನ ಗೆಳತಿ ಇದ್ದಾಳೆ, ಅಲ್ಲಿನ ಜೋಳ ಕೀಳಬೇಡ ಎಂದೆ. ಆಕೆ ಎಷ್ಟುದ್ದ ಎಂಬುದನ್ನೂ ಬೆರಳೆತ್ತಿ ತೋರಿಸಿದೆ. ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ಬೆಳಿಗ್ಗೆ ಅಪ್ಪ ನನ್ನನ್ನು ಅಲ್ಲಿಗೇ ಕರೆದೊಯ್ದ. ತೆನೆವ್ವ ಎದುರಿಗೇ ಇದ್ದಳು. ಅವನ ಕಣ್ಣಿಗೆ ಬೀಳಲಿಲ್ಲ, ಅವನು ಇನ್ನೊಂದು ದಂಟಿನ ಕಡೆ ನೋಡುತ್ತಿದ್ದ. ಆದರೂ ಕೈ ಮುಗಿದ.

"ಅವ್ವಾರ, ಈ ಮೂಲಿ ನಿಮಗ ಬಿಟ್ಟೀನ್ರಿ. ನಮ್ಮ ಹುಡುಗಿ ಜೋಡಿ ಇರ್ರಿ."

ಆಳುಗಳು ಮುಖ ತಿರುಗಿಸಿ ನಕ್ಕರು. ಆ ಮೂಲೆ ಜೂನಿನ ಮಿರಗದ ಮಳೆಯವರೆಗೂ ನಿಂತಿತ್ತು. ದಂಟು ಕೊಳೆತು ಬಿದ್ದ ಮೇಲೆ ತೆನೆವ್ವ ಕಾಣಲಿಲ್ಲ. ಬಹಳ ಅತ್ತೆ. ಆದರೆ ಅಷ್ಟರಲ್ಲಿ ಶಾಲೆಯಲ್ಲಿ ಬಾಯಿ ಬಿಡುವ ಧೈರ್ಯ ಬಂದಿತ್ತು; ಅದು ಆಕೆಯದೇ ಉಪಕಾರ.

ಈಗ ನಾನಿರುವುದು ಸೊಲ್ಲಾಪುರದಲ್ಲಿ. ಹೊಲದ ತುಂಬ ಕಬ್ಬು, ಅಪ್ಪ ಇಲ್ಲ. ಇದನ್ನು ಯಾರಿಗೆ ಹೇಳಿದರೂ, ನಿಜವೇನು, ಕನಸು ಕಂಡಿದ್ದೆಯೇನು ಎಂದು ಕೆದಕಿ ಕೆದಕಿ ಕೇಳುತ್ತಾರೆ. ಅಪ್ಪ ಏನೂ ಕೇಳಲಿಲ್ಲ. ತನಗೆ ಕಾಣದವಳಿಗೆ, ನನ್ನ ಮಾತೊಂದನ್ನೇ ನಂಬಿ, ಕೈ ಮುಗಿದ.