ಮ್ಯಾನೇಜ್ ಮತ್ತು ಕ್ಯಾಲೆಂಡರಿನ ಕುದುರೆ

ದಾರಿ ಕೇಳಿದವರಿಗೆ ಗೊತ್ತಿಲ್ಲ ಎಂದು ಹೇಳಿ ಕಳುಹಿಸುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಗೊತ್ತಿರಲಿ ಬಿಡಲಿ, ಯಾವುದಾದರೊಂದು ದಿಕ್ಕಿಗೆ ಕೈ ತೋರಿಸುತ್ತೇವೆ. ಈ ಚಾಳಿಯನ್ನು ನಾನು ಉಡುಪಿಯಿಂದ ದುಬೈಗೂ ತಂದಿದ್ದೆ.

ಅಲ್ ಕೂಜ್‌ನ ಟೈಲ್ಸ್ ಗೋದಾಮಿನಲ್ಲಿ ನಾನು ಸ್ಟೋರ್‌ಕೀಪರ್. ಜೊತೆಗಿದ್ದ ಚೀನಾದವನಿಗೆ ಅಲ್ಲಿಯೇ ಮ್ಯಾನೇಜರ್ ಆಗುವ ಆಸೆ. ಸಂದರ್ಶನ ಇಂಗ್ಲಿಷಿನಲ್ಲಿ. ಹಾಗಾಗಿ ದಿನಾ ಊಟದ ಹೊತ್ತಿಗೆ ನೋಟ್‌ಬುಕ್ ಹಿಡಿದು ನನ್ನೆದುರು ಕೂರುತ್ತಿದ್ದ. ನನ್ನನ್ನು ಸ್ಟೋರ್‌ಕೀಪರ್ ಎನ್ನುವುದು ಬಿಟ್ಟು ಟೀಚರ್ ಎನ್ನುತ್ತಿದ್ದ, ನಾನು ಉಬ್ಬಿಹೋಗಿದ್ದೆ. ಅವನದೊಂದು ಹಟವಿತ್ತು. ಪದದ ಅರ್ಥ ಮಾತ್ರ ಸಾಲದು, ಅದು ಎಲ್ಲಿಂದ ಬಂತೆಂದು ತಿಳಿಯದಿದ್ದರೆ ತಲೆಯಲ್ಲಿ ನಿಲ್ಲುವುದಿಲ್ಲವಂತೆ.

ಒಂದು ದಿನ 'ಮ್ಯಾನೇಜ್' ಹಿಡಿದುಕೊಂಡು ಬಂದ. ಅರ್ಥ ಸುಲಭ: ನಿಭಾಯಿಸುವುದು, ಹೇಗೋ ಸುಧಾರಿಸುವುದು. ಮೂಲ? ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಕುದುರೆಯಿತ್ತು. ಹಿಂದಿನ ಕಾಲದಲ್ಲಿ ಪುಂಡ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವುದಕ್ಕೆ ಹಾಗೆನ್ನುತ್ತಿದ್ದರು ಎಂದು ಬುರುಡೆ ಬಿಟ್ಟೆ. ಅವನು ಬರೆದುಕೊಂಡು, ಪಕ್ಕದಲ್ಲಿ ಕುದುರೆಯ ಚಿತ್ರವನ್ನೂ ಬಿಡಿಸಿದ. ಅದಕ್ಕೆ ಐದು ಕಾಲುಗಳಿದ್ದವು.

ಸಂದರ್ಶನದ ಹಿಂದಿನ ದಿನ ಅವನು ಖುಷಿಯಿಂದ ಹೇಳಿದ, ನಾಳೆ ಇಂಗ್ಲಿಷ್ ಸಾಹೇಬರ ಮುಂದೆ ಈ ಕುದುರೆಯಿಂದಲೇ ಶುರು ಮಾಡುತ್ತಾನಂತೆ. ಇವನ ಮಾನ ಹೋಗಿ ಕೆಲಸವೂ ಹೋದರೆ? ಬದುಕಿನಲ್ಲಿ ಮೊದಲ ಬಾರಿಗೆ ನಿಜ ಹೇಳಿದೆ: ಅದು ನಾನು ಕಟ್ಟಿದ ಕಥೆ, ಮೂಲ ನನಗೆ ಗೊತ್ತಿಲ್ಲ. ಅವನು ಆ ಹಾಳೆಯನ್ನು ಹರಿದು, ನಾಲ್ಕಾಗಿ ಮಡಚಿ, ಟೀ ಕಪ್ಪಿನೊಳಗೆ ಹಾಕಿದ.

ಮರುದಿನ ಸಾಹೇಬರು ಕೇಳಿದ ಮೊದಲ ಪ್ರಶ್ನೆಯೇ ಅದು, ಮ್ಯಾನೇಜ್ ಎಂದರೆ ನಿನ್ನ ಪ್ರಕಾರ ಏನು ಎಂದು. ಇವನಿಗೆ ಕಣ್ಣ ಮುಂದೆ ಐದು ಕಾಲಿನ ಕುದುರೆ ಬಿಟ್ಟು ಬೇರೇನೂ ಬರಲಿಲ್ಲವಂತೆ. ಹುದ್ದೆ ಬೇರೆಯವರಿಗೆ ಹೋಯಿತು.

ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ, ಮುಖ ಎತ್ತದೆ ಹೇಳಿದಳು:

"ಪಪ್ಪಾ, ಇಟ್ಸ್ ಟ್ರೂ. ಇಟಾಲಿಯನ್ ವರ್ಡ್. ಹಾರ್ಸ್ ಟ್ರೇನಿಂಗ್."

"ಸರಿಯಾಗಿ ನೋಡು ಮಾರಾಯ್ತಿ," ಎಂದೆ. ಸರಿಯಾಗಿಯೇ ನೋಡಿದ್ದಳು. ಆ ಪದದ ಮೂಲದಲ್ಲಿ ಕೈಯೂ ಇತ್ತು, ಕುದುರೆಯೂ ಇತ್ತು. ನನಗೆ ಅಳು ಬಂತು, ನಗುವೂ ಬಂತು.

ಬೆಳಿಗ್ಗೆ ಬಸ್ಸಿಳಿದವನೇ ಅವನ ಬಳಿ ಓಡಿದೆ. ಕುದುರೆ ನಿಜ ಎಂದು ಮೂರು ಸಲ ಹೇಳಿದೆ, ಫೋನನ್ನೂ ಮುಂದೆ ಹಿಡಿದೆ. ಅವನು ಅದರತ್ತ ನೋಡಲಿಲ್ಲ. ಟೈಲ್ಸ್ ಪೆಟ್ಟಿಗೆಯ ಒಂದು ತುದಿ ಎತ್ತಿ, ಇನ್ನೊಂದು ತುದಿ ಹಿಡಿಯುವಂತೆ ನನಗೆ ಸನ್ನೆ ಮಾಡಿದ.

"ಹಾರ್ಸ್ ಖಲಾಸ್," ಎಂದ, "ಸ್ಟೋರ್‌ಕೀಪರ್."